ಕಾತ್ರಜ ಘಾಟದಲ್ಲಿ ಎಡಕ್ಕೆ

ಸಿದ್ರಾಮಪ್ಪ ಬಾಯಿ ತೆರೆದರೆ ಇಟಲಿ. ಯುದ್ಧದ ವರ್ಷಗಳಲ್ಲಿ ಅಲ್ಲಿ ಸೈನ್ಯದ ಲಾರಿ ಓಡಿಸಿ, ಪುಣೆಗೆ ಮರಳಿ ಸಾತಾರೆ ಬಸ್ಸಿನ ಡ್ರೈವರನಾಗಿದ್ದ.

"ಅಲ್ಲಿ ಎಲ್ಲಾರೂ ಬಲಕ್ಕ ಹೋಗ್ತಾರ, ಆದ್ರ ಶಿಸ್ತು ಅಂದ್ರ ಶಿಸ್ತು! ಇಲ್ಲಿ ನೋಡು, ಎತ್ತು ನಡೀತಾವ, ಗಾಡಿಯವ ಗೊರಕಿ ಹೊಡೀತಾನ."

"ಹಂಗಾರ ಅಲ್ಲೇ ಇರಬೇಕಿತ್ರಿ," ಎನ್ನುತ್ತಿದ್ದಳು ಹೆಂಡತಿ ಉಮಾವತಿ, ರೊಟ್ಟಿ ಬಡಿಯುತ್ತ. ಅದೇ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಆದರೂ ಗಂಡನ ಬಸ್ಸಿನಲ್ಲಿ ಬಾಣಂತಿಯೂ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದೆಂದು ಓಣಿಯ ಜನ ಹೇಳಿದಾಗ ಒಳಗೊಳಗೇ ಬೀಗುತ್ತಿದ್ದಳು.

ಒಂದು ಮುಂಜಾನೆ ಕಾತ್ರಜ ಘಾಟ ಇಳಿಯುವಾಗ ತಿರುವಿನಲ್ಲಿ ಬೆಲ್ಲದ ಗಾಡಿಗಳ ಸಾಲು ತಟ್ಟನೆ ಎದುರಾಯಿತು. ಸಿದ್ರಾಮಪ್ಪ ಗಾಬರಿಯಾದ. ಗಾಬರಿಯಾದ ಕೈ ಇಟಲಿಯ ರೂಢಿಯಂತೆ ಬಲಕ್ಕೆಳೆಯಿತು. ಬಸ್ಸು ನೇರ ಗಾಡಿಗಳ ಮೇಲೆಯೇ ನುಗ್ಗಿತು. ಘಾಟದಲ್ಲಿ ಸಾಲಿನ ಮುಂದೆ ಒಬ್ಬ ನಡೆದು ಬರುವುದು ಗಾಡಿಯವರ ಪದ್ಧತಿ. ಅಂದು ಹಾಗೆ ಮುಂದೆ ಬರುತ್ತಿದ್ದ ಮುದುಕ ಓಡಲಿಲ್ಲ! ಅಲ್ಲೇ ನಿಂತು ಕೆಂಪು ರುಮಾಲು ಬೀಸಿ ಕೂಗಿದ. ಬ್ರೇಕು ಬಿತ್ತು. ಬಸ್ಸು ಎತ್ತಿನ ಕೊಂಬಿನ ಹತ್ತಿರ ನಿಂತಿತು.

ಬಸ್ಸಿನ ಮಾಲೀಕ ಮಾರ್ತಾಂಡರಾವ್ ಸ್ಟ್ಯಾಂಡಿನಲ್ಲಿ ಪಿಸುಗುಟ್ಟಿದ, "ಬ್ರೇಕ್ ಕೆಟ್ಟಿತ್ತು ಅಂದುಬಿಡ್ರಿ, ಮುಗೀತು."

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸಿದ್ರಾಮಪ್ಪ ಪ್ರಯಾಣಿಕರ ಕಡೆ ತಿರುಗಿ ಹೇಳಿಯೇಬಿಟ್ಟ: "ಬ್ರೇಕ್ ಚಲೋ ಅದ್ರಿ. ತಪ್ಪಿದ್ದು ನನ್ನ ಕೈ." ಭೇಷ್! ಎಷ್ಟು ಜನರಿಗೆ ಬರುತ್ತದೆ ಹೇಳಿ, ಆ ಎದೆಗಾರಿಕೆ?

ಮರುದಿನದಿಂದ ಅದೇ ಮುದುಕನನ್ನು ಬೇಡಿಕೊಂಡು ಕರೆತಂದು, ಖಾಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅಭ್ಯಾಸ ಶುರುಮಾಡಿದ. ಮುದುಕ ತಿರುವಿನಲ್ಲಿ ಹೇಳದೆ ಕೇಳದೆ ಕಿರುಚುತ್ತಿದ್ದ; ಇವನು ಬೆಚ್ಚಿಬಿದ್ದು ಎಡಕ್ಕೆ ತಿರುಗಿಸಬೇಕು. ಬೆಚ್ಚಿದರೂ ಕೈ ಎಡಕ್ಕೇ ಹೋಗುವವರೆಗೆ ಬಿಡಲಿಲ್ಲ.

ಕಡೆಗೆ ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡು ಬಸ್ಸು ಹೊರಡುವ ದಿನ ಬಂತು. ಒಬ್ಬರೂ ಹತ್ತಲಿಲ್ಲ. "ಜನಾ ಹತ್ತಲಿಲ್ಲಂದ್ರ ಬ್ಯಾರೆ ಡ್ರೈವರ್ ನೋಡಬೇಕಾಗ್ತದ್ರಿ," ಎಂದ ಮಾರ್ತಾಂಡರಾವ್, ತಲೆ ತಗ್ಗಿಸಿ. ಸಿದ್ರಾಮಪ್ಪನ ಮುಖ ಇಷ್ಟೇ ಇಷ್ಟಾಯಿತು.

ಬುತ್ತಿ ಕೊಡಲು ಬಂದ ಉಮಾವತಿ ಅದನ್ನು ನೋಡಿದಳು. ಕಂಕುಳ ಕೂಸನ್ನು ಸರಿಮಾಡಿಕೊಂಡು ಸರಸರ ಹತ್ತಿ, ಮುಂದಿನ ಸೀಟಿನಲ್ಲೇ ಕುಳಿತಳು. "ಏನ್ ನೋಡ್ತೀರಿ? ಬರ್ರಿ!" ಎಂದು ಗದರಿಸಿದಳು. ಒಬ್ಬೊಬ್ಬರಾಗಿ ಜನ ಹತ್ತಿದರು.

ಅದೇ ತಿರುವು. ಮತ್ತೆ ಗಾಡಿಗಳು! ಉಮಾವತಿ ಕೂಸನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದಳು. ಬಸ್ಸು ಎಡಕ್ಕೆ ವಾಲಿ, ಮೆಲ್ಲಗೆ ದಾಟಿತು. ಕಣ್ಣು ತೆರೆದಾಗ ಮುದುಕ ರುಮಾಲು ಬೀಸುತ್ತಿದ್ದ. ಗಂಡ ಅವನಿಗೆ ಸೈನ್ಯದ ಸಲಾಮು ಹೊಡೆಯುತ್ತಿದ್ದ.

ಹೋದ ಜೀವ ಬಂದಂತಾಯಿತು ಅವಳಿಗೆ. ಕಾಲು ಎಳೆಯದೆ ಬಿಡುತ್ತಾಳೆಯೇ? "ಇಟಲಿಯಾಗ ಹಿಂಗ ರುಮಾಲು ಬೀಸಾವ್ರು ಇದ್ರೇನ್ರಿ?"

"ಇರಲಿಲ್ಲ," ಎಂದ ಸಿದ್ರಾಮಪ್ಪ. ಮುಂದಿನ ತಿರುವು ದಾಟಿಸಿ, ರಸ್ತೆಯಿಂದ ಕಣ್ಣು ತೆಗೆಯದೆಯೇ ಹೇಳಿದ: "ಮುಂದಿನ ಸೀಟಿನ್ಯಾಗ ಕೂಡಾವ್ರೂ ಇರಲಿಲ್ಲ."