ಸೋದರಮಾವನ ತೊಡೆ

ಆ ರೋಗದ ಹೆಸರು ಹಿಮೋಫಿಲಿಯಾ. ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಸೋರುತ್ತಲೇ ಇರುತ್ತದೆ. ಪತ್ರಿಕೆಯವರು ಕನ್ನಡದಲ್ಲಿ ಕುಸುಮರೋಗ ಎಂದು ಬರೆಯುತ್ತಾರೆ. ಯಾವ ಪುಣ್ಯಾತ್ಮ ಇಟ್ಟ ಹೆಸರೋ, ಅವನನ್ನು ರಬಕವಿಯ ಒಬ್ಬ ನೇಕಾರನ ಮನೆಯಲ್ಲಿ ಒಂದು ದಿನ ಕೂಡಿಸಬೇಕಿತ್ತು. ಆ ಮನೆಯ ಹಿರಿಮಗ ಗುರಪ್ಪನ ಹಲ್ಲು ಕಿತ್ತ ದಿನ ಬಾಯಿಗೆ ಒತ್ತಿದ ಅರಿವೆಗಳು ಒಂದಾದ ಮೇಲೊಂದು ತೊಯ್ದು ಹೋದದ್ದನ್ನು ನೋಡಿದ್ದರೆ ಅವನಿಗೆ ಹೂವು ನೆನಪಾಗುತ್ತಿತ್ತೇ? ಗುರಪ್ಪ ಉಳಿಯಲಿಲ್ಲ. ಕೆಲವು ವರ್ಷಗಳ ಮೇಲೆ ಅವನ ತಮ್ಮ ಮುತ್ತಪ್ಪ ಪವರ್‌ಲೂಮಿಗೆ ತಲೆ ಬಡಿಸಿಕೊಂಡ. ಹೊರಗೆ ಒಂದು ಹನಿ ಕಾಣಲಿಲ್ಲ, ತಲೆಯೊಳಗೇ ಸೋರಿ ಅವನೂ ಹೋದ. ಉಳಿದವರು ಇಬ್ಬರು ಹೆಣ್ಣುಮಕ್ಕಳು, ಸುವರ್ಣಾ ಮತ್ತು ಕಾವೇರಿ.

ಈ ರೋಗದ ಹಾದಿಯೇ ಹಾಗೆ. ಹೊತ್ತು ತರುವವರು ಹೆಂಗಸರು, ಬಲಿಯಾಗುವವರು ಅವರ ಗಂಡುಮಕ್ಕಳು.

ಸುವರ್ಣಾ ಹಟ ಹಿಡಿದು ಡಾಕ್ಟರಾದಳು. ತನ್ನ ರಕ್ತವನ್ನು ತಾನೇ ಪರೀಕ್ಷೆ ಮಾಡಿಸಿ, ತಾನೂ ಅದನ್ನು ಹೊತ್ತಿದ್ದೇನೆಂದು ತಿಳಿದ ದಿನವೇ ಮದುವೆಯ ಮಾತು ಮುಗಿಸಿದಳು. ಈಗ ಒಂದು ಮೆಡಿಕಲ್ ಕಾಲೇಜಿನಲ್ಲಿ, ರಕ್ತದ ಕಾಯಿಲೆಗಳ ಸಂಶೋಧನೆಗೆ ಎಳೆಯ ಡಾಕ್ಟರರನ್ನು ತಯಾರು ಮಾಡುವ ತರಬೇತಿಯ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬಳು. ಇನ್ನೊಬ್ಬರು ಜಮಖಂಡಿಯವರಾದ ಧರ್ಮರಾಜ ಡಾಕ್ಟರರು. ಲ್ಯಾಬು ಅವರದು, ವಾರ್ಡು ಇವಳದು. ಹೊಸಬರಿಗೆ ಮೊದಲ ದಿನ ಹೇಳುವ ಪಾಠ ಒಂದೇ: ಸೂಜಿ ಆಮೇಲೆ, ಮೊದಲು ತಾಯಿಯ ಹತ್ತಿರ ಕೂತು ಕೇಳಿ. ನಿಮಗೆ ಅಣ್ಣತಮ್ಮರು ಎಷ್ಟು ಮಂದಿ, ಈಗ ಎಲ್ಲಿದ್ದಾರೆ? ಅಕ್ಕತಂಗಿಯರನ್ನೂ ಬಿಡಬೇಡಿ. ತಾಯಿ ಏನು ಹೇಳುತ್ತಾಳೋ ಅದನ್ನು ಬರೆದುಕೊಳ್ಳಿ, ನಿಮಗೆ ಅನ್ನಿಸಿದ್ದನ್ನಲ್ಲ.

ಇಷ್ಟೆಲ್ಲ ಕಲಿಸುವವಳು ತನ್ನ ತಂಗಿಯ ಮದುವೆಯಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿದ್ದಳು. "ಒಬ್ಬ ಮಗಳರ ಬಾಳೇವು ಮಾಡ್ಲಿ ಬಿಡವಾ," ಎಂದು ತಾಯಿ ಸೆರಗೊಡ್ಡಿ ಅತ್ತಿದ್ದಳು. ಗಂಡುಮಕ್ಕಳಲ್ಲಿ ಒಬ್ಬ ಜ್ವರಕ್ಕೆ, ಒಬ್ಬ ಲೂಮಿಗೆ ಎಂದು ಬೀಗರಿಗೆ ಹೇಳಿದ್ದಾಯಿತು. ಕಾವೇರಿ ರನ್ನ ಬೆಳಗಲಿ ಊರಿನ ಭೀಮಪ್ಪನ ಮನೆ ತುಂಬಿದಳು. ಬಹಳ ವರ್ಷ ಕಾದ ಮೇಲೆ ಗಂಡುಮಗು ಹುಟ್ಟಿತು, ಸಿದ್ದಾರೂಢ. ಎಲ್ಲರ ಬಾಯಲ್ಲಿ ಸಿದ್ದು.

"ತಂಗಿ ಮಗನ ರಕ್ತ ನೋಡಿದ್ರೇನ್ರಿ ಮೇಡಂ?" ಧರ್ಮರಾಜ ಡಾಕ್ಟರರು ಸಿಕ್ಕಾಗಲೆಲ್ಲ ಕೇಳುವರು. ಹಾಗೆ ಕೇಳುವ ಹಕ್ಕು ಅವರೊಬ್ಬರಿಗೇ ಇತ್ತು. ನೋಡಲು ಕಾವೇರಿ ಬಿಟ್ಟರೆ ತಾನೆ? "ಗೊತ್ತಾತಂದ್ರ ನಾ ಆ ಮನ್ಯಾಗ ಬಾಳಂಗಿಲ್ಲ ಅಕ್ಕಾ. ಕೈ ಮುಗೀತೀನಿ, ಸುಮ್ನಿರು," ಎನ್ನುವಳು.

ಸುವರ್ಣಾ ಸುಮ್ಮನಿದ್ದಳು. ಆಮೇಲೆ ಕಾವೇರಿಯ ಫೋನು ಬಂತು. ಸಿದ್ದುವಿನ ಜವಳ, ಅಂದರೆ ಹುಟ್ಟುಗೂದಲು, ತೆಗೆಯುವುದು, ಅದೇ ದಿನ ಕಿವಿ ಚುಚ್ಚುವುದು. ಎರಡಕ್ಕೂ ಮಗು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ಮಾವಂದಿರನ್ನು ಎಲ್ಲಿಂದ ತರುವುದು? "ನೀನ ಬಾ ಅಕ್ಕಾ. ಮಾವನ ಜಾಗಾದಾಗ ನೀನ ಕೂಡು. ಆದ್ರ ರಕ್ತದ ಮಾತು ತೆಗೀಬ್ಯಾಡ, ನನ್ನಾಣಿ."

ಜವಳ ಸುಸೂತ್ರ ಆಯಿತು. ಸುವರ್ಣಾ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕತ್ತರಿಯಿಂದ ಒಂದೆಳೆ ಕೂದಲು ತೆಗೆದಳು. ಮಗು ಮಿಸುಕಾಡಿದಾಗ ಪೈಜಾಮ ಮೇಲೆ ಸರಿಯಿತು. ಎರಡೂ ಮೊಣಕಾಲು ಕಂದುನೀಲಿ, ಮೀನಖಂಡದ ಮೇಲೆ ಬೆರಳು ಮೂಡಿದ ಕಲೆಗಳು. ಇನ್ನು ಲ್ಯಾಬಿನ ಮಾತು ಏನಿತ್ತು? ಗುರಪ್ಪನ ಮೊಣಕಾಲೂ ಹೀಗೇ ಇದ್ದವು. ತಲೆಯೆತ್ತಿ ನೋಡಿದರೆ ಕಾವೇರಿ ಎದುರಿಗೇ ನಿಂತು, ಬೇಡ ಎಂದು ಕಣ್ಣಲ್ಲೇ ಬೇಡುತ್ತಿದ್ದಳು.

ಅಷ್ಟರಲ್ಲಿ ಕಿವಿ ಚುಚ್ಚುವ ಪತ್ತಾರ ಅಂದಾನೆಪ್ಪ ಬಂಗಾರದ ತಂತಿ ಹಿಡಿದು ಮುಂದೆ ಕೂತ. "ಇರುವಿ ಕಡಿದಂಗ ಆಗತೈತಿ, ಅಷ್ಟ," ಎಂದು ನಕ್ಕ.

"ಇವತ್ತ ಬ್ಯಾಡ್ರಿ. ಕೂಸಿಗೆ ಮೈ ಬೆಚ್ಚಗ ಆಗೇತಿ," ಎಂದಳು ಸುವರ್ಣಾ.

ಕಾವೇರಿಯ ಅತ್ತೆ ಕೆಂಪವ್ವ ಬಂದು ಮೊಮ್ಮಗನ ಹಣೆ ಮುಟ್ಟಿದಳು. "ಎಲ್ಲಿ ಬೆಚ್ಚಗ? ತಣ್ಣಗ ಐತಿ. ಡಾಕ್ಟರ ಆಗಿ ನೀನ ಅಂಜಿದ್ರ ಹೆಂಗವಾ? ಹೂಂ, ಅಂದಾನೆಪ್ಪಾ, ಚುಚ್ಚು."

ತಂತಿ ಕಿವಿಯ ಹತ್ತಿರ ಬಂತು. ಸುವರ್ಣಾ ಎರಡೂ ಅಂಗೈಯಿಂದ ಮಗುವಿನ ಕಿವಿ ಮುಚ್ಚಿಬಿಟ್ಟಳು. "ಚುಚ್ಚಬ್ಯಾಡ್ರಿ! ಇವನ ರಕ್ತ ನಿಲ್ಲಂಗಿಲ್ಲ. ನಮ್ಮಣ್ಣ, ನಮ್ಮ ತಮ್ಮ ಇಬ್ರೂ ಇದಕ್ಕ ಸತ್ತಾರ. ಜ್ವರಾನೂ ಅಲ್ಲ, ಲೂಮೂ ಅಲ್ಲ."

ಅಂದಾನೆಪ್ಪ ತಂತಿಯನ್ನು ತಾಟಿನಲ್ಲಿಟ್ಟು ಹಿಂದೆ ಸರಿದ.

"ಖರೆ ಏನು?" ಭೀಮಪ್ಪ ಹೆಂಡತಿಯನ್ನು ಕೇಳಿದ. ಕಾವೇರಿ ನೆಲ ನೋಡಿದಳು.

"ಮದಿವಿಗೆ ಮೊದಲ ಹೇಳಾಕ ನಿಮಗ ಬಾಯಿರಲಿಲ್ಲೇನು?" ಎಂದಳು ಕೆಂಪವ್ವ. ಕೂಗಲಿಲ್ಲ, ಬೈಯಲಿಲ್ಲ, ಇಷ್ಟೇ ಕೇಳಿದಳು. ಆ ಮುದುಕಿ ಕೇಳಿದ್ದು ನ್ಯಾಯವಾಗಿತ್ತು.

ಭೀಮಪ್ಪ ಕೆಟ್ಟವನಲ್ಲ, ತಾಯಿಯ ಮಾತು ಮೀರುವವನೂ ಅಲ್ಲ. ಮುಂದಿನ ಹಬ್ಬ ಬರುವುದರೊಳಗೆ ಕಾವೇರಿಯನ್ನೂ ಮಗುವನ್ನೂ ರಬಕವಿಯ ತವರಿಗೆ ತಂದು ಬಿಟ್ಟ. ಸ್ವಲ್ಪ ದಿನ ಇರಲಿ ಎಂದವನು ತಿರುಗಿ ಬರಲೇ ಇಲ್ಲ. ಕಾವೇರಿ ಸೀರೆ ಮಡಿಚುವ ಕೆಲಸ ಹಿಡಿದಳು. ಅಕ್ಕನ ಫೋನು ಎತ್ತಲಿಲ್ಲ. ಸುವರ್ಣಾ ಮನೆಗೆ ಹೋದರೆ ಒಳಗಿನಿಂದ ಚಿಲಕ ಹಾಕಿಕೊಂಡಳು. "ಕೂಸು ಉಳೀತಲ್ಲಾ," ಎಂದು ಬಾಗಿಲಿಗೆ ಹೇಳಿ ಸುವರ್ಣಾ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅತ್ತಳು.

ಮಳೆಗಾಲದಲ್ಲಿ ಸಿದ್ದು ಹೊಸ್ತಿಲು ಎಡವಿ ಬಿದ್ದ. ಒಳಗೇ ರಕ್ತ ಸೋರಿ ಮೊಣಕಾಲು ಊದಿತು, ಮಗು ಕಿರುಚತೊಡಗಿತು. ಹತ್ತಿರದ ಯಾವ ಆಸ್ಪತ್ರೆಯಲ್ಲೂ ಈ ರಕ್ತ ನಿಲ್ಲಿಸುವ ಇಂಜೆಕ್ಷನ್ ಇರಲಿಲ್ಲ. ಎಷ್ಟು ಸಿಟ್ಟಿದ್ದರೇನು, ತಾಯಿಯಾದವಳು ಎಲ್ಲಿಗೆ ಹೋಗಬೇಕು? ಕಾವೇರಿ ಮಗನನ್ನು ಹೊತ್ತು ಅಕ್ಕನ ವಾರ್ಡಿಗೇ ಬಂದಳು.

ಸುವರ್ಣಾ ಬರುವ ಹೊತ್ತಿಗೆ ತರಬೇತಿಗೆ ಹೊಸದಾಗಿ ಸೇರಿದ ಡಾಕ್ಟರ್ ರಾಧಿಕಾ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತಿದ್ದಳು. ಕಲಿಸಿದ ಹಾಗೇ ಮೊದಲು ತಾಯಿಯ ಕಡೆಗೆ ತಿರುಗಿದ್ದಳು. ಇವರಿಬ್ಬರು ಯಾರೆಂದು ಆ ಹುಡುಗಿಗೆ ಏನು ಗೊತ್ತು?

"ಅವ್ವಾರ, ನಿಮಗ ಅಣ್ಣತಮ್ಮರು ಎಷ್ಟ ಮಂದಿ ಅದಾರ್ರಿ?"

"ಇಬ್ರಿದ್ರು. ಇಬ್ರೂ ಸತ್ರು."

"ಮತ್ತ ಅಕ್ಕತಂಗ್ಯಾರು?"

ಕಾವೇರಿ ತಲೆಯೆತ್ತಿದಳು. ಬಾಗಿಲಲ್ಲಿ ನಿಂತ ಸುವರ್ಣಾಳನ್ನು ನೆಟ್ಟಗೆ ನೋಡಿದಳು.

"ಯಾರೂ ಇಲ್ರಿ," ಎಂದಳು.

ರಾಧಿಕಾ ಹಿಂದೆ ಯಾರೋ ನಿಂತದ್ದು ತಿಳಿದು ಗಡಬಡಿಸಿ ಎದ್ದಳು. "ಮೇಡಂ, ಈ ಕೂಸಿನ ತಾಯೀನ್ನ ಕೇಳಾಕತ್ತಿದ್ದೆ..."

"ಕೂಡು," ಎಂದಳು ಸುವರ್ಣಾ. "ಅವರು ಹೇಳಿದ್ದನ್ನ ಬರಕೋ."

ಆಮೇಲೆ ಅವಳು ಇಂಜೆಕ್ಷನ್ ತರಲು ಫ್ರಿಜ್ಜಿನ ಕಡೆಗೆ ನಡೆದಳು.