ಕಿಟಕಿ ಮುಚ್ಚಿಕೊಂಡು ಅಜ್ಜಂಪುರಕ್ಕೆ

ಬೆಂಗಳೂರಿನಲ್ಲಿ ಬೆಳಗಿನ ರೈಲು ಹತ್ತಿದಾಗ ನನ್ನ ಮೈಯಲ್ಲಿ ಹೊರಗೆ ಕಾಣುವಂಥದ್ದು ಏನೂ ಇರಲಿಲ್ಲ. ಕೈಗವಸು, ಕಾಲುಚೀಲ, ತಲೆಯಿಂದ ಎದೆಯವರೆಗೆ ಅಕ್ಕನ ಉಣ್ಣೆ ಶಾಲು, ಅದರೊಳಗೆ ಕಪ್ಪು ಕನ್ನಡಕ. ಅದೂ ಏಪ್ರಿಲ್ ತಿಂಗಳಲ್ಲಿ.

ಹಿಂದಿನ ದಿನ ಆಸ್ಪತ್ರೆಯಲ್ಲಿ ತೋಳಿನ ನರಕ್ಕೆ ಔಷಧಿ ಏರಿಸಿ, ಎಡಗಣ್ಣಿನೊಳಗಿದ್ದ ಕ್ಯಾನ್ಸರ್ ಗೆಡ್ಡೆಯ ಮೇಲೆ ಲೇಸರ್ ಬೆಳಕು ಬಿಟ್ಟಿದ್ದರು. ಬೆಳಕು ಬಿದ್ದ ಕಡೆ ಮಾತ್ರ ಆ ಔಷಧಿ ಕೆಲಸ ಮಾಡುತ್ತದಂತೆ. ಮೊದಲು ತೋರಿಸಿದ ಕಡೆ ಕಣ್ಣನ್ನೇ ತೆಗೆಸಿಬಿಡಿ ಎಂದಿದ್ದರು. ಈ ಡಾಕ್ಟರು, ಗೆಡ್ಡೆ ಚಿಕ್ಕದಿದೆ, ಪ್ರಯತ್ನಿಸಬಹುದು, ಖಾತರಿ ಕೊಡಲಾರೆ ಎಂದರು. ನಾನು ಹೈಸ್ಕೂಲಿನಲ್ಲಿ ವಾಲಿಬಾಲ್ ಕಲಿಸುವವಳು. ಖಾತರಿ ಇಲ್ಲದಿದ್ದರೂ ಸರಿ, ಕಣ್ಣು ಕೊಡುವುದಿಲ್ಲ ಎಂದೆ. ಔಷಧಿ ಮೈಯಿಂದ ಇಳಿಯುವವರೆಗೆ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ ಎಂದು ಎಚ್ಚರಿಸಿ ಕಳಿಸಿದ್ದರು. ರಾತ್ರಿ ರೈಲಿಗೆ ಟಿಕೆಟ್ ಸಿಕ್ಕಿರಲಿಲ್ಲ.

ರೈಲು ಅರಸೀಕೆರೆಗೆ ಬಂದಾಗ, ಜೊತೆಗಿದ್ದ ಅಕ್ಕ ಚಿತ್ರಾನ್ನದ ಡಬ್ಬಿ ತೆರೆದಳು. ಶಾಲಿನೊಳಗೇ ತಿಂದೆ, ಅರ್ಧ ಮಡಿಲಿಗೆ ಬಿತ್ತು. ಕಡೂರಿನಲ್ಲಿ ಹತ್ತಿದ ಹಿರಿಯರೊಬ್ಬರು ಎದುರಿಗೆ ಕೂತವರೇ ಕಿಟಕಿಯ ಶಟರ್ ಎತ್ತಿದರು. ಬಿಸಿಲು ನೇರ ನನ್ನ ಮೇಲೆ. ಅಕ್ಕ ದಡಕ್ಕನೆದ್ದು ಎಳೆದು ಮುಚ್ಚಿದಳು.

"ಏನಮ್ಮಾ, ಸೆಖೆಗೆ ಸಾಯ್ತಾ ಇದೀವಿ. ಇವ್ರಿಗೇನಾಗಿದೆ?"

"ಅಲರ್ಜಿ ಕಣ್ರೀ," ಎಂದಳು ಅಕ್ಕ ತಗ್ಗಿದ ದನಿಯಲ್ಲಿ.

ನನಗೆ ರೇಗಿತು. "ಅಲರ್ಜಿ ಅಲ್ಲ ಯಜಮಾನ್ರೇ, ಕಣ್ಣಲ್ಲಿ ಕ್ಯಾನ್ಸರ್. ಔಷಧಿ ಹಾಕಿಸ್ಕೊಂಡು ಬತ್ತಿದೀನಿ, ಬಿಸಿಲು ಬಿದ್ರೆ ಮೈ ಸುಡುತ್ತೆ. ಅಜ್ಜಂಪುರದಲ್ಲಿ ಇಳೀತೀನಿ. ಅಲ್ಲೀತಂಕ ಕಿಟಕಿ ತೆಗೆಯೋ ಹಂಗಿಲ್ಲ."

"ಅಂಟುತ್ತಾ?" ಎಂದು ಕೇಳಿದರು ಅವರು.

"ಅಂಟಲ್ಲ."

ಅವರು ಎದ್ದು ಹೋಗಲಿಲ್ಲ. ಬೀರೂರು ದಾಟುವಾಗ, ಬೀಸಣಿಗೆ ಮಾಡಿಕೊಂಡಿದ್ದ ಪೇಪರನ್ನು ಮಡಿಸಿ, ಬೆಳಕು ಸೋರುತ್ತಿದ್ದ ಶಟರಿನ ಸಂದಿಗೆ ತಾವೇ ತುರುಕಿದರು.

ಅಜ್ಜಂಪುರದಲ್ಲಿ ನಮ್ಮ ಮನೆಯವರು ಛತ್ರಿ ಹಿಡಿದು ನಿಂತಿದ್ದರು. "ಹಿಂದ್ಗಡೆಯಿಂದ ಹೋಗಣ ಬಾರೇ. ಮುಂದೆ ಜನ ಐತೆ, ನೂರೆಂಟು ಕೇಳ್ತಾರೆ."

"ಕೇಳ್ಲಿ ಬಿಡಿ. ನಂಗೆ ಬಿಸಿಲಿನ ಭಯ, ಜನರದ್ದಲ್ಲ."

ಛತ್ರಿಯ ನೆರಳಿನಲ್ಲಿ, ನೋಡುವವರೆಲ್ಲ ನೋಡುತ್ತಿದ್ದಂತೆ, ಮುಂಬಾಗಿಲಿನಿಂದಲೇ ನಡೆದು ಆಟೊ ಹತ್ತಿದೆ.

ಮೂರು ತಿಂಗಳಿಗೆ ಮತ್ತೆ ತೋರಿಸಿದಾಗ ಗೆಡ್ಡೆ ಕುಗ್ಗಿತ್ತು. ಪೂರ್ತಿ ಹೋಗಿಲ್ಲ, ಇನ್ನೊಮ್ಮೆ ಬೆಳಕು ಬಿಡಬೇಕು ಎಂದಿದ್ದಾರೆ. ರಾತ್ರಿ ರೈಲಿನಲ್ಲಿ ಸೀಟು ಖಾಲಿ ಇದೆ ಎಂದು ಅಕ್ಕ ಹೇಳಿದಳು. ಶಾಲು ಇದ್ದೇ ಇದೆ, ಕತ್ತಲಲ್ಲಿ ಕದ್ದು ಬರುವುದೇಕೆ ಎಂದು ನಾನು ಹಗಲಿನದಕ್ಕೇ ಟಿಕೆಟ್ ಮಾಡಿಸಿದ್ದೇನೆ.