ಔಷಧಿ ಡಬ್ಬದ ಹುಚ್ಚೆಳ್ಳೆಣ್ಣೆ

ಎಪ್ಪತ್ತರ ದಶಕದ ನಡುವಿನ ಮಾತು. ಹಲಗೂರಿನ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಟೀಚರಾಗಿ ಹೋದ ನನಗೆ ರೈತರೊಬ್ಬರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಮನೆಯೊಡತಿಯನ್ನು ಅಕ್ಕ ಅನ್ನುತ್ತಿದ್ದೆ. ಆಕೆ, ಗಂಡ, ನಾನು ಅಜ್ಜಿ ಅನ್ನುತ್ತಿದ್ದ ಅತ್ತೆ, ಆರು ವರ್ಷದ ಮಗಳು, ಇಷ್ಟೇ ಜನ.

ಒಂದು ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಕೂತು ತಗಡಿನ ಡಬ್ಬವೊಂದನ್ನು ಉಜ್ಜುತ್ತಿದ್ದಳು. ಗಂಡ ಭತ್ತದ ಹುಳುವಿಗೆ ಹೊಡೆದು ಖಾಲಿ ಮಾಡಿದ ಔಷಧಿ ಡಬ್ಬ. ಮೇಲಿನ ಇಂಗ್ಲಿಷ್ ಚೀಟಿ ಓದಿದೆ. ತಲೆಬುರುಡೆಯ ಚಿತ್ರವೂ ಇತ್ತು.

"ಅಕ್ಕಾ, ಇದು ವಿಷ. ಅಡಿಗೆಮನೆಗೆ ಬೇಡ."

"ಮೂರ್ ಕಿತಾ ಬೂದಿ ಆಕಿ ಉಜ್ಜಿವ್ನಿ ಟೀಚರಮ್ಮ. ಇಂಥಾ ಗಟ್ಟಿ ಡಬ್ಬಾನ ಯಾರಾರಾ ಎಸೀತಾರಾ?"

ನಾನು ಬಾಡಿಗೆಗಿದ್ದವಳು, ವಯಸ್ಸಿನಲ್ಲೂ ಚಿಕ್ಕವಳು. ಚೀಲ ಎತ್ತಿಕೊಂಡು ಶಾಲೆಗೆ ಹೊರಟೆ. ಚೀಟಿ ನೆಂದು ಕಿತ್ತುಹೋಯಿತು. ಗಾಣದಿಂದ ತಂದ ಹುಚ್ಚೆಳ್ಳೆಣ್ಣೆ ಡಬ್ಬ ಸೇರಿತು.

ಆ ಶನಿವಾರ ಅಕ್ಕನ ಗಂಡ ಮದ್ದೂರಿಗೆ ಹೋಗಿದ್ದ. ಉಳಿದ ಮೂವರೂ ಉಪ್ಸಾರಿನ ಖಾರಕ್ಕೆ ಆ ಹಸಿ ಎಣ್ಣೆ ಬಿಟ್ಟುಕೊಂಡು ಮುದ್ದೆ ಉಂಡಿದ್ದರು. ನಾನು ಶಾಲೆ ಮುಗಿಸಿ ಬಂದಾಗ ಮಗು ವಾಂತಿ ಮಾಡುತ್ತಿತ್ತು. ಅಕ್ಕ ಬೆವತು ತೊಪ್ಪೆಯಾಗಿ ಗೋಡೆ ಹಿಡಿದು ನಿಂತಿದ್ದಳು. ಅಜ್ಜಿಯ ಬಾಯಲ್ಲಿ ನೊರೆ. ಪಕ್ಕದ ಮನೆಯವರು ಗಾಡಿ ಕಟ್ಟಿ ಹಲಗೂರಿಗೆ ತಂದರು. ಅಲ್ಲಿಂದ ಬಸ್ಸಿನಲ್ಲಿ ಮಳವಳ್ಳಿ ಆಸ್ಪತ್ರೆ. ಎಣ್ಣೆ ಹಾಕಿದ್ದ ಡಬ್ಬದ ವಿಷಯ ನಾನೇ ಹೇಳಿದೆ.

"ಯಾವ ಔಷಧಿ? ಹೆಸರು ಹೇಳಿ," ಅಂದರು ಡಾಕ್ಟರು.

ಆ ಚೀಟಿ ಓದಿದ್ದವಳು ನಾನೊಬ್ಬಳೇ. ಮೊದಲಕ್ಷರವೂ ನೆನಪಿಗೆ ಬರಲಿಲ್ಲ.

ಅಕ್ಕ, ಮಗು ಉಳಿದರು. ಅಜ್ಜಿ ಅಂದು ಸಂಜೆಯೇ ಹೋಗಿಬಿಟ್ಟರು.

ತಿಥಿ ಕಳೆದ ಮೇಲೆ ಅಕ್ಕ ಕೇಳಿದಳು: "ಅವತ್ತು ಇನ್ನೊಂದ್ ಕಿತಾ ಯೋಳಬಾರ್ದಿತ್ತಾ, ಟೀಚರಮ್ಮ?"

ಮಾರನೆಯ ದಿನವೇ ರಜೆ ಹಾಕಿ, ಔಷಧಿ ಡಬ್ಬದ ಮೇಲೆ ಕನ್ನಡದಲ್ಲೂ ವಿಷವೆಂದು ಬರೆಸಬೇಕು, ಖಾಲಿ ಡಬ್ಬ ವಾಪಸು ಪಡೆಯಬೇಕು ಎಂದು ಅರ್ಜಿ ಬರೆದು ಮಂಡ್ಯಕ್ಕೆ ಹೋದೆ. ಆಹಾರ ಕಲಬೆರಕೆ ನೋಡುವ ಕಚೇರಿಯಲ್ಲಿ, "ಎಣ್ಣೆ ಕಲಬೆರಕೆಯಾದರೆ ನಮಗೆ ಹೇಳಿ, ಡಬ್ಬ ನಮ್ಮದಲ್ಲ," ಅಂದರು. ಕೃಷಿ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರು, "ವಿಷ ಅಂತ ಬರೆದೇ ಇರುತ್ತಲ್ಲಮ್ಮ, ಇನ್ನೇನು ಮಾಡಬೇಕು?" ಅಂದರು.

"ಇಂಗ್ಲಿಷಿನಲ್ಲಿ ಬರೆದಿರುತ್ತೆ, ಸಾರ್."

ಅವರು ಅರ್ಜಿಯನ್ನು ಫೈಲಿನ ಕೆಳಗೆ ಸೇರಿಸಿ, ನನ್ನ ಹಿಂದೆ ನಿಂತಿದ್ದವರನ್ನು ಕರೆದರು.

ಸಂಜೆ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಇನ್ಮೇಕೆ ಕನ್ನಡದಾಗೆ ಬರೀತಾರಂತಾ?"

"ಬರೀತಾರಂತೆ," ಅಂದೆ. ಅವಳು ನಂಬಿದಳು.